ಉಪ್ಪಿನ ಬೀದಿಯ ಗೃಹಪ್ರವೇಶ

ನಮ್ಮೂರಲ್ಲಿ ಮನೆ ಬಾಡಿಗೆಗೆ ಹಿಡಿಯುವವರು ಮೊದಲು ಕೇಳುವುದು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು. ಆಮೇಲೆ, ಉಪ್ಪೋ ಎಣ್ಣೆಯೋ ಎಂದು. ಬಾಗಿಲಿಗೆ ತೂಗುಹಾಕಿದ ಹಲಗೆಯಲ್ಲೂ ಹಾಗೇ ಬರೆದಿರುತ್ತದೆ: ಎರಡು ಕೋಣೆ, ಅಡುಗೆಮನೆ, ಹಿತ್ತಲು, ಉಪ್ಪು. ಮತ ಇರುವುದು ಮನೆಗೆ, ಮನುಷ್ಯರಿಗಲ್ಲ. ಎಣ್ಣೆ ಮನೆಯಲ್ಲಿ ಒಂದು ರಾತ್ರಿ ಮಲಗಿ ಎದ್ದರೆ ಸಾಕು, ಹೊಸ್ತಿಲ ದೀಪಕ್ಕೆ ಎಣ್ಣೆ ಎರೆಯುವಾಗ ಹಾಡುವ ಆ ಉದ್ದನೆಯ ಹಾಡು ಯಾರೂ ಕಲಿಸದೆ ಬಾಯಿಗೆ ಬಂದು ಕೂತಿರುತ್ತದೆ. ಉಪ್ಪಿನ ಮನೆಯಲ್ಲಿ ಮಲಗಿ ಎದ್ದವರು ಕಣ್ಣು ಬಿಡುವ ಮೊದಲೇ ಉಪ್ಪಿನ ಬಟ್ಟಲಿಗೆ ಕೈ ಹಾಕುತ್ತಾರೆ. ಒಂದು ಚಿಟಿಕೆ ನಾಲಿಗೆಯ ಮೇಲೆ ಇಟ್ಟುಕೊಂಡರೆಂದರೆ ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವವರೆಗೆ ಅವರ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಹೊರಡಿಸುತ್ತೇನೆಂದು ಹಟ ಹಿಡಿದರೂ ಹೊರಡುವುದಿಲ್ಲ.

ನಾನು ಹುಟ್ಟಿದ್ದು ಉಪ್ಪಿನ ಮನೆಯಲ್ಲಿ, ಬೆಳೆದದ್ದು ಎಣ್ಣೆ ಮನೆಯಲ್ಲಿ. ಮದುವೆಯಾಗಿ ಹೋದದ್ದು ಮತ್ತೆ ಉಪ್ಪಿಗೆ. ಮದುವೆಯ ಮಾರನೇ ದಿನ ನಾನು ಎದ್ದು ಬಟ್ಟಲಿಗೆ ಕೈ ಹಾಕುತ್ತೇನೋ ಇಲ್ಲವೋ ಎಂದು ನಮ್ಮತ್ತೆ ಬಾಗಿಲ ಸಂದಿಯಿಂದ ಇಣುಕಿದ್ದರು. ಗಂಡ ತೀರಿಕೊಂಡ ಮೇಲೆ ಶಾಲೆಗೆ ಹತ್ತಿರವೆಂದು ಮಹಡಿಯ ಮೇಲಿನ ಎಣ್ಣೆ ಮನೆ ಹಿಡಿದೆ. ಎಣ್ಣೆ ಮನೆಯವರಿಗೆ ಬದನೆಕಾಯಿ ನಿಷಿದ್ಧ. ನನಗೋ ಬದನೆಕಾಯಿ ಎಂದರೆ ಪ್ರಾಣ. ಮನೆ ಚಿಕ್ಕದಾದರೆ ಹೊಂದಿಕೊಳ್ಳಬಹುದು, ಮಾಲೀಕ ಕೆಟ್ಟವನಾದರೂ ಹೊಂದಿಕೊಳ್ಳಬಹುದು, ಆದರೆ ಈ ನಾಲಿಗೆಗೆ ಏನು ಹೇಳುವುದು? ಹಾಗಾಗಿ ಬದನೆಕಾಯಿಯನ್ನು ಶಾಲೆಯ ಅಡುಗೆಯವರ ಕೈಲಿ ಮಾಡಿಸಿ ಅಲ್ಲೇ ತಿನ್ನುತ್ತೇನೆ. ಶಾಲೆಯಲ್ಲಿ ರಾತ್ರಿ ಯಾರೂ ಮಲಗುವುದಿಲ್ಲವಾದ್ದರಿಂದ ಅದಕ್ಕೆ ಮತವಿಲ್ಲ. ಮಧ್ಯಾಹ್ನದ ನನ್ನ ತರಗತಿಯಲ್ಲಿ ಮಕ್ಕಳು ಮಾಡುವ ನಿದ್ದೆ ಲೆಕ್ಕಕ್ಕಿಲ್ಲ.

ನಾನು ಒಂಬತ್ತನೆಯ ತರಗತಿಗೆ ಇತಿಹಾಸ ಹೇಳುವವಳು. ಹೆಸರು ನೀಲಾಂಬಿಕೆ, ಮಕ್ಕಳ ಬಾಯಲ್ಲಿ ನೀಲಾ ಮೇಡಂ, ನನ್ನ ಬೆನ್ನ ಹಿಂದೆ ಇನ್ನೇನೋ. ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ‘ದೇಶ ಕಟ್ಟುವಲ್ಲಿ ಮತಗಳ ಪಾತ್ರ’ ಎಂಬ ಒಂದು ಪಾಠವಿದೆ. ಪುಸ್ತಕ ಬರೆದವರು ರಾಜಧಾನಿಯವರು. ಅಲ್ಲಿ ಮತ ಮನೆಗಲ್ಲ, ರಕ್ತಕ್ಕಂತೆ. ಅಪ್ಪ ಉಪ್ಪಾದರೆ ಮಗ ಉಪ್ಪು, ಎಲ್ಲಿ ಮಲಗಿದರೂ ಉಪ್ಪು, ಸತ್ತರೂ ಉಪ್ಪು. ಇದನ್ನು ನಮ್ಮ ಮಕ್ಕಳ ತಲೆಗೆ ತುಂಬಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಗುತ್ತದೆ. ಎಣ್ಣೆಯ ರಾಜನಿಗೂ ಉಪ್ಪಿನ ರಾಜನಿಗೂ ಯುದ್ಧವಾಯಿತು, ಎಣ್ಣೆಯವನು ಗೆದ್ದು ದೇಶ ಕಟ್ಟಿದ ಎಂದು ನಾನು ಹೇಳಿದರೆ, “ಅಲ್ಲ ಮೇಡಂ, ಉಪ್ಪಿನ ರಾಜ ಒಂದು ರಾತ್ರಿ ಎಣ್ಣೆ ರಾಜನ ಮನೇಲಿ ಮಲಗಿದ್ರೆ ಜಗಳಾನೇ ಇರ್ತಿರ್ಲಿಲ್ಲ ಅಲ್ವಾ?” ಎಂದು ಕೇಳುತ್ತಾರೆ. ಏನೆಂದು ಉತ್ತರ ಹೇಳಲಿ? ಪರೀಕ್ಷೆಗೆ ಬರುವುದಿಲ್ಲ, ಸುಮ್ಮನೆ ಬರೆದುಕೊಳ್ಳಿ ಎನ್ನುತ್ತೇನೆ.

ಆದರೆ ಪಾಠದ ಕೊನೆಗೆ, ಪುಸ್ತಕದಲ್ಲಿ ಇಲ್ಲದ ನಮ್ಮೂರ ಕಥೆಯನ್ನು ನಾನು ಸೇರಿಸುತ್ತಿದ್ದೆ. ನನ್ನ ಮೇಷ್ಟರು ನನಗೆ ಹೇಳಿದ್ದು, ಅವರ ಮೇಷ್ಟರು ಅವರಿಗೆ ಹೇಳಿದ್ದು. ದೇಶ ಹುಟ್ಟಿದ ವರ್ಷ ರಾಜಧಾನಿಯಿಂದ ದಂಡು ಹೊರಟಿತು. ಯಾವ ಊರಲ್ಲೂ ಉಪ್ಪಿನವರು ಇರಕೂಡದು ಎಂದು ಅಪ್ಪಣೆಯಾಗಿತ್ತು. ಸುತ್ತಣ ಊರುಗಳಲ್ಲಿ ಬೀದಿಗೆ ಬೀದಿಯೇ ಬೂದಿಯಾಯಿತು. ನಮ್ಮೂರಲ್ಲಿ ಮಾತ್ರ ಹಾಗಾಗಲಿಲ್ಲ. ದಂಡು ಬರುವ ಹಿಂದಿನ ಸಂಜೆ ಎಣ್ಣೆ ಮನೆಗಳ ಹೆಂಗಸರು ಉಪ್ಪಿನ ಬೀದಿಗೆ ಹೋಗಿ, ಅಕ್ಕಾ ಬಾ, ಅತ್ತೆ ಬನ್ನಿ ಎಂದು ಕೈ ಹಿಡಿದು ಕರೆತಂದು ತಮ್ಮ ಮನೆಗಳಲ್ಲಿ ಮಲಗಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಎಲ್ಲರ ಬಾಯಲ್ಲೂ ಎಣ್ಣೆಯ ಹಾಡು! ಬಿಸಿಲು ಮೂಡುವ ಮೊದಲೇ ದಂಡು ಬಂತು, ನೋಡಿತು, ಹೋಯಿತು. ನಮ್ಮೂರಲ್ಲಿ ಒಂದು ತೊಟ್ಟು ರಕ್ತ ಬೀಳಲಿಲ್ಲ. ಈ ಜಾಗಕ್ಕೆ ಬಂದಾಗ ಹಿಂದಿನ ಬೆಂಚಿನ ಪುಂಡರೂ ಪಿಸುಗುಡುತ್ತಿರಲಿಲ್ಲ. ಮತ ಎಂದರೆ ಇದು ಕಣ್ರೋ ಎಂದು ನಾನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ.

ಈ ವರ್ಷ ಆ ಕಥೆ ಹೇಳಲು ಇನ್ನೂ ಒಂದು ಕಾರಣವಿತ್ತು. ರಾಜಧಾನಿಯಲ್ಲಿ ಹೊಸ ಸರ್ಕಾರ ಬಂದಿತ್ತು, ಊರೂರಿಗೆ ಎಣಿಕೆಯವರನ್ನು ಕಳಿಸುತ್ತಿತ್ತು. ಯಾವ ಊರಲ್ಲಿ ಯಾವ ಮತದವರು ಎಷ್ಟು ಎಂದು ಬರೆದುಕೊಂಡು ಹೋಗುತ್ತಾರಂತೆ, ಅಷ್ಟೇ ಅಂದುಕೊಂಡಿದ್ದೆ. ಎಣಿಕೆ ಮುಗಿದ ಊರುಗಳ ಉಪ್ಪಿನ ಬೀದಿಗಳಿಂದ ಕಾಗದ ಬರುವುದೇ ನಿಂತುಹೋಗಿದೆ ಎಂದು ಅಂಚೆಯಣ್ಣ ಹೇಳಿದ್ದಾಗ, ನಿಮ್ಮ ಅಂಚೆ ಯಾವ ಕಾಲಕ್ಕೆ ನೆಟ್ಟಗಿತ್ತು ಎಂದು ತಮಾಷೆ ಮಾಡಿದ್ದೆ. ಅದೇ ಹೊತ್ತಿಗೆ ನಮ್ಮ ಪುರಸಭೆಯವರು ಒಂದು ಪುಣ್ಯದ ಕೆಲಸ ಶುರು ಮಾಡಿದ್ದರು. ಊರ ಹೊರಗೆ ಕಲ್ಲುಗಣಿಯ ಹತ್ತಿರ ಡೇರೆ ಹಾಕಿಕೊಂಡಿರುವ ಜನರಿಗೆಲ್ಲ ಬಿಟ್ಟಿಯಾಗಿ ಮನೆ ಕೊಡುವುದು.

ಡೇರೆಯವರು ಚಾಪೆ, ಬುಟ್ಟಿ ಹೆಣೆದು ಮಾರುವವರು, ಕತ್ತೆ ಸಾಕುವವರು. ಡೇರೆಗೆ ಮತವಿಲ್ಲ, ಹಾಗಾಗಿ ಅವರಿಗೂ ಇಲ್ಲ. ಶಾಲೆಯ ದಾಖಲಾತಿಯಲ್ಲಿ ಮತ ಎಂಬ ಕಡೆ ಅವರ ಮಕ್ಕಳಿಗೆ ‘ಡೇರೆ’ ಎಂದೇ ಬರೆಯುತ್ತೇವೆ. ನನ್ನ ತರಗತಿಯ ಸಿಂಗಾರಿ ಆ ಪೈಕಿ. ಡೇರೆಯಿಂದ ಒಂಬತ್ತನೆಯ ತರಗತಿಯವರೆಗೆ ಬಂದ ಮೊದಲ ಹುಡುಗಿ. ಬಾಯಿ ಜೋರು, ಅಕ್ಷರ ಕೋಳಿಕಾಲು, ನೆನಪು ಮಾತ್ರ ಉಕ್ಕು. ಪುರಸಭೆ ಅಧ್ಯಕ್ಷರಾದ ಜಯದೇವಪ್ಪನವರು ನನ್ನ ಮನೆಗೇ ಬಂದು, “ಮೇಡಂ, ಉಪ್ಪಿನ ಬೀದಿಯ ಮನೆಗಳನ್ನ ಅವರಿಗೆ ಕೊಡ್ತಾ ಇದ್ದೀವಿ. ಅಲ್ಲಿದ್ದ ನಾವೆಲ್ಲಾ ನೆಂಟರ ಮನೆ ಸೇರ್ಕೋತೀವಿ, ನಮ್ಮ ಮನೇನೂ ಕೊಟ್ಟಿದ್ದೀನಿ. ಆದ್ರೆ ಆ ಸಿಂಗಾರಿಯ ಅಜ್ಜಿ ಒಬ್ಬಳು ಬೇಡ ಅಂತ ಪಟ್ಟು ಹಿಡಿದಿದ್ದಾಳೆ. ಅವಳು ಹೂಂ ಅಂದ್ರೆ ಉಳಿದೋರೆಲ್ಲಾ ಬರ್ತಾರೆ. ನಿಮ್ಮ ಮಾತು ಕೇಳ್ತಾಳೆ, ಒಂದು ಮಾತು ಹೇಳಿ” ಎಂದರು. ಈ ಮನುಷ್ಯನ ಬಗ್ಗೆ ನನಗೆ ಅಷ್ಟೇನೂ ಗೌರವವಿರಲಿಲ್ಲ. ಅವತ್ತು ಹುಟ್ಟಿತು.

ಕಲ್ಲುಗಣಿಗೆ ಹೋಗಿ ಅಜ್ಜಿಯ ಎದುರು ಕೂತೆ. ಹೆಸರು ಹುಲಿಗೆವ್ವ. ಎಂಬತ್ತರ ಹತ್ತಿರದ ವಯಸ್ಸು, ಬುಟ್ಟಿ ಹೆಣೆಯುವ ಕೈ ಮಾತ್ರ ನಿಲ್ಲುವುದಿಲ್ಲ. “ಮನೆಗೆ ಹೋದೋರು ಮನುಷ್ರಾಗಿ ಉಳಿಯಾಕಿಲ್ಲ ಕಣವ್ವ” ಅಂದಳು. ನಾನು ಬಿಡುತ್ತೇನೆಯೇ? ಮೊಮ್ಮಗಳು ಓದಬೇಕು, ಮಳೆಗಾಲದಲ್ಲಿ ಪುಸ್ತಕವೆಲ್ಲ ನೆನೆದು ಮುದ್ದೆಯಾಗುತ್ತದೆ, ದೀಪವಿಲ್ಲ, ಬಾಗಿಲಿಲ್ಲ ಎಂದು ಒಂದೇ ಸಮ ಹೇಳಿದೆ. ಕೊನೆಗೆ ನಮ್ಮೂರ ಕಥೆಯನ್ನೂ ಹೇಳಿದೆ. ಈ ಊರು ಒಮ್ಮೆ ಬಾಗಿಲು ತೆರೆದ ಊರು ಅಜ್ಜಿ, ಈಗ ಮತ್ತೆ ತೆರೆದಿದೆ, ನನ್ನ ನಂಬಿ ಅಂದೆ. ಅವಳು ಬುಟ್ಟಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿ, “ಪಾಠ ಹೇಳೋಳು ನೀನು, ಸುಳ್ಳು ಹೇಳಾಕಿಲ್ಲ ಬಿಡು” ಅಂದಳು. ಮನೆಗೆ ಬಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಗೃಹಪ್ರವೇಶ ಗುರುವಾರ ಸಂಜೆಗೆ ನಿಶ್ಚಯವಾಯಿತು. ಅವತ್ತು ಮಧ್ಯಾಹ್ನವೇ ನನ್ನ ತರಗತಿಯಲ್ಲಿ ಈ ಪಾಠ ಬಂದದ್ದು ಕಾಕತಾಳೀಯವಲ್ಲ, ನಾನೇ ಎರಡು ಪಾಠ ಹಾರಿಸಿ ಇದನ್ನು ಹಿಡಿದಿದ್ದೆ. ಸಿಂಗಾರಿ ಹೊಸ ರಿಬ್ಬನ್ನು ಕಟ್ಟಿಕೊಂಡು ಬಂದಿದ್ದಳು. ಮಾರನೆಯ ದಿನ ಬೆಳಗ್ಗೆ ಅವಳೂ ಮಾತಾಡದೆ ಕೂರಬೇಕಲ್ಲ ಎಂದು ಹುಡುಗಿಯರೆಲ್ಲ ಅವಳನ್ನು ರೇಗಿಸುತ್ತಿದ್ದರು. “ನಿನ್ನ ಬಾಯಿ ಮುಚ್ಚಿಸೋಕೆ ಒಂದು ಮತಾನೇ ಬೇಕಾಯ್ತು ನೋಡೇ” ಎಂದು ಯಾರೋ ಅಂದರು. ನಾನೂ ನಕ್ಕೆ.

ಕಥೆ ಹೇಳಿ ಮುಗಿಸಿದೆ. ಕನ್ನಡಕ ಒರೆಸಿಕೊಂಡೆ. ಆಗ ಮುಂದಿನ ಬೆಂಚಿನ ಪ್ರಭಂಜನ ಎದ್ದು ನಿಂತ. ಅಧ್ಯಕ್ಷ ಜಯದೇವಪ್ಪನವರ ಮೊಮ್ಮಗ. ಪ್ರಶ್ನೆ ಕೇಳದಿದ್ದರೆ ಅವನಿಗೆ ಅನ್ನ ಕರಗುವುದಿಲ್ಲ. “ಮೇಡಂ, ದಂಡಿನೋರು ಅಷ್ಟು ದೂರದಿಂದ ಬಂದು ಬರಿಗೈಲಿ ಯಾಕೆ ಹೋದ್ರು? ಉಪ್ಪಿನ ಬೀದಿ ಪೂರಾ ಖಾಲಿ ಇದ್ರೆ, ಎಲ್ಲೋ ಬಚ್ಚಿಟ್ಟಿದ್ದಾರೆ ಅಂತ ಬೇರೆ ಮನೆಗಳಲ್ಲಿ ಹುಡುಕ್ತಿರ್ಲಿಲ್ವಾ?”

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಅವರಿಗೆ ಬುದ್ಧಿ ಕಮ್ಮಿ ಇತ್ತೇನೋ ಎಂದು ಜಾರಿಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಸಿಂಗಾರಿ ಕೈ ಎತ್ತದೆಯೇ ಬಾಯಿ ಹಾಕಿದಳು.

“ಖಾಲಿ ಎಲ್ಲಿತ್ತೋ? ನಮ್ಮೋರಿದ್ರು.”

“ನಿಮ್ಮೋರು ಅಂದ್ರೆ?” ಎಂದೆ.

“ಡೇರೆಯೋರು ಮೇಡಂ. ಆವಾಗ್ಲೂ ಊರೋರು ನಮಗೆ ಮನೆ ಕೊಟ್ಟಿದ್ರಂತೆ. ಉಪ್ಪಿನ ಬೀದೀಲೇ. ನಮ್ಮಜ್ಜಿ ಆಗ ಸಣ್ಣೋಳು, ಜ್ವರ ಬಂದಿತ್ತಂತೆ, ಅದಕ್ಕೆ ಅವಳನ್ನ ಅವರಮ್ಮನ ಜೊತೆ ಡೇರೇಲೇ ಬಿಟ್ಟು ಹೋದ್ರಂತೆ. ಅಜ್ಜಿಯ ಅಕ್ಕ, ಭಾವ, ಅವರ ಕೂಸು, ಇನ್ನೂ ಎಷ್ಟೋ ಜನ ಮನೆಗೆ ಹೋದ್ರಂತೆ. ನಾಳೆ ಬಂದು ಕರ್ಕೊಂಡು ಹೋಗ್ತೀನಿ ಅಂತ ಅಕ್ಕ ಹೇಳಿದ್ಲಂತೆ. ಬರ್ಲೇ ಇಲ್ಲ. ಒಬ್ರೂ ಬರ್ಲಿಲ್ಲ. ಹೊಸ ಮತ ಸಿಕ್ತು, ಮನೆ ಸಿಕ್ತು, ದೊಡ್ಡ ಮನುಷ್ಯರಾದ್ರು, ಡೇರೆಯೋರು ಯಾಕೆ ಬೇಕು ಹೇಳಿ? ಎಲ್ಲೋ ಬೇರೆ ಊರಿಗೆ ಹೋಗಿ ಸುಖವಾಗಿದ್ದಾರೆ ಅಂತಾರೆ ನಮ್ಮ ಕಡೆ. ಅಜ್ಜಿ ಇವತ್ತಿಗೂ ಅಕ್ಕನಿಗೆ ಬೈತಾಳೆ ಮೇಡಂ. ಹಬ್ಬದ ದಿನ ಹಿರೇರಿಗೆಲ್ಲ ಎಡೆ ಇಡ್ತಾಳೆ, ಅಕ್ಕನಿಗೆ ಇಡಲ್ಲ. ಬದುಕಿರೋಳಿಗೆ ಯಾತರ ಎಡೆ ಅಂತಾಳೆ. ನಾನಂತೂ ಹಂಗಾಗಲ್ಲಪ್ಪ, ಮನೆಗೆ ಹೋದ್ರೂ ನಮ್ಮೋರನ್ನ ಮರೆಯಲ್ಲ.”

ಹೀಗೆ ಹೇಳಿ ಅವಳು ನಗುತ್ತಾ ಸುತ್ತ ನೋಡಿದಳು. ಯಾರೂ ನಗಲಿಲ್ಲ. ನಾನು ಮೇಜು ಹಿಡಿದುಕೊಂಡೆ. ದಂಡು ಬಂದದ್ದು ಬೆಳಗಿನ ಜಾವ, ಅದು ನನ್ನ ಕಥೆಯಲ್ಲೇ ಇದೆ. ಆ ಹೊತ್ತಿಗೆ ಆ ಮನೆಗಳಲ್ಲಿ ಮಲಗಿದ್ದವರೆಲ್ಲ ಎದ್ದು, ಹುಟ್ಟಿದ ಮೇಲೆ ಮೊದಲ ಬಾರಿಗೆ ಒಂದು ಪ್ರಾರ್ಥನೆ ಮಾಡುತ್ತಾ, ನಾಲಿಗೆಯ ಮೇಲೆ ಉಪ್ಪಿಟ್ಟುಕೊಂಡು ಕೂತಿದ್ದರು. ನೀವು ಯಾರು ಎಂದು ದಂಡಿನವರು ಕೇಳಿರುತ್ತಾರೆ. ನಾವು ಡೇರೆಯವರು, ನಿನ್ನೆ ಸಂಜೆ ಬಂದವರು ಎನ್ನಲು ಒಬ್ಬರಿಗೂ ಬಾಯಿ ಬಂದಿರುವುದಿಲ್ಲ. ಅಯ್ಯೋ ದೇವರೇ, ಇಷ್ಟು ವರ್ಷ ನಾನು ಏನನ್ನು ಹೇಳಿಕೊಂಡು ಬಂದೆ!

ಪ್ರಭಂಜನ ಇನ್ನೂ ನಿಂತೇ ಇದ್ದ. ಅವನ ಮುಖ ಸುಣ್ಣದ ಹಾಗಾಗಿತ್ತು. “ಮೇಡಂ, ನಾವು ಮೊನ್ನೆ ಎಣ್ಣೆ ಬೀದಿಗೆ ಬಂದ್ವಲ್ಲ, ದೊಡ್ಡತ್ತೆ ಮನೆಗೆ? ತಾತ ಹೇಳಿದ್ರು, ಪಾತ್ರೆಗೀತ್ರೆ ಎಲ್ಲಾ ಎತ್ತೋದು ಬೇಡ, ಅಟ್ಟದ ಮೇಲೆ ಹಾಕಿ, ಭಾನುವಾರ ವಾಪಸ್ ಹೋಗ್ತೀವಲ್ಲ ಅಂತ” ಎಂದ.

“ಎಲ್ಲಿಗೆ ವಾಪಸ್?” ಎಂದೆ. ಕೇಳುವಾಗಲೇ ಗೊತ್ತಿತ್ತು.

“ನಮ್ಮ ಮನೆಗೇ ಮೇಡಂ. ಉಪ್ಪಿನ ಬೀದಿ ಮನೆಗೆ. ಈಗ ಸಿಂಗಾರಿಗೆ ಕೊಟ್ಟಿರೋ ಮನೆಗೆ.” ಆಮೇಲೆ ಅವನು ಅವಳ ಕಡೆ ತಿರುಗಿ, ಹುಚ್ಚು ಹಿಡಿದವನ ಹಾಗೆ ಕಿರುಚಿದ: “ಇವತ್ತು ಅಲ್ಲಿ ಮಲಗಬೇಡ ಕಣೇ! ಯಾರೂ ಮಲಗಬೇಡಿ! ನಾಳೆ ಬೆಳಗ್ಗೆ ಎಣಿಕೆಯೋರು ಬರ್ತಿದ್ದಾರೆ!”

ಸಿಂಗಾರಿ ಮೊದಲು ಅವನನ್ನು ನೋಡಿದಳು, ಆಮೇಲೆ ನನ್ನನ್ನು. ಅವಳ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಅದು ಮುಖದಿಂದ ನಿಧಾನಕ್ಕೆ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. “ಹಂಗಾದ್ರೆ ಅವರು ಯಾರೂ ಬೇರೆ ಊರಿಗೆ ಹೋಗ್ಲಿಲ್ವಾ ಮೇಡಂ?” ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಚೀಲವನ್ನೂ ತೆಗೆದುಕೊಳ್ಳದೆ ಬಾಗಿಲ ಕಡೆ ಓಡಿದಳು. ಗಂಟೆ ಹೊಡೆಯುವ ಮೊದಲೇ ಮೇಡಂ ಒಬ್ಬಳು ತರಗತಿ ಬಿಟ್ಟು ಬೀದಿಯಲ್ಲಿ ಸೀರೆ ಎತ್ತಿ ಹಿಡಿದು ಓಡಿದ್ದನ್ನು ನಮ್ಮೂರು ಅವತ್ತು ನೋಡಿತು. ನನ್ನ ಹಿಂದೆ ಪ್ರಭಂಜನ.

ಉಪ್ಪಿನ ಬೀದಿ ಮದುವೆ ಮನೆಯ ಹಾಗಿತ್ತು. ಬಾಗಿಲು ಬಾಗಿಲಿಗೂ ಮಾವಿನ ತೋರಣ. ಬೀದಿಯ ತುದಿಯಲ್ಲಿ ಕತ್ತೆಗಳನ್ನು ಕಟ್ಟಿಹಾಕಿದ್ದರು. ಡೇರೆಯ ಹೆಂಗಸರು ಒಳಗೆ ಒಲೆ ಹೊತ್ತಿಸಿ ಹಾಲು ಇಟ್ಟಿದ್ದರು. ಹುಡುಗರು ನಲ್ಲಿ ತಿರುಗಿಸುವುದು, ನಿಲ್ಲಿಸುವುದು, ಮತ್ತೆ ತಿರುಗಿಸುವುದು. ಇನ್ನೂ ಬಿಸಿಲು ಇಳಿದಿರಲಿಲ್ಲ. ಬೀದಿಯ ನಡುವೆ ಅಧ್ಯಕ್ಷರು ಕುರ್ಚಿ ಹಾಕಿಕೊಂಡು ಕೂತು ಬಂದವರಿಗೆಲ್ಲ ಮೈಸೂರುಪಾಕು ಕೊಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದರು.

“ಬನ್ನಿ ಮೇಡಂ, ನಿಮ್ಮಿಂದಲೇ ಆಗಿದ್ದು ಇದೆಲ್ಲಾ.”

“ಇವರನ್ನ ಹೊರಗೆ ಕಳಿಸ್ರೀ” ಎಂದೆ. ಏದುಸಿರು ಬರುತ್ತಿತ್ತು. “ಈಗಲೇ ಕಳಿಸಿ. ನಾಳೆ ಬೆಳಗ್ಗೆ ಏನಾಗುತ್ತೆ ಅಂತ ನನಗೆ ಗೊತ್ತಾಗಿದೆ.”

ಅವರು ಬೆಚ್ಚಲಿಲ್ಲ. ಸಿಟ್ಟೂ ಮಾಡಿಕೊಳ್ಳಲಿಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ ನನ್ನನ್ನು ನೋಡಿದರು. “ಗೊತ್ತಾಗಿದೆ ಅಂದ್ರೆ? ನಿಮಗೆ ಮೊದಲೇ ಗೊತ್ತಿರಲಿಲ್ವಾ?” ಎಂದರು. “ನೀವೇ ಅಲ್ವಾ ಮೇಡಂ ವರ್ಷ ವರ್ಷ ಈ ಪಾಠ ಮಾಡೋದು? ನಮ್ಮ ಮಗನಿಗೆ ಮಾಡಿದ್ರಿ, ಮೊಮ್ಮಗನಿಗೆ ಮಾಡ್ತಿದ್ದೀರಿ. ಗೊತ್ತಿದ್ದೂ ಮಕ್ಕಳಿಗೆ ನೋವಾಗದ ಹಾಗೆ ಎಷ್ಟು ಚೆನ್ನಾಗಿ ಹೇಳ್ತಾರೆ ಅಂತ ನಾವೆಲ್ಲಾ ಮಾತಾಡ್ಕೋತಿದ್ವಿ.”

ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನಾವೆಲ್ಲಾ ಎಂದರು ಅವರು. ಊರಲ್ಲಿ ಎಷ್ಟು ಜನಕ್ಕೆ ಗೊತ್ತು? ನನ್ನ ಮೇಷ್ಟರಿಗೆ ಗೊತ್ತಿತ್ತೇ? ನಮ್ಮತ್ತೆಗೆ? ದಿನಾ ನನಗೆ ನಮಸ್ಕಾರ ಹೇಳುವ ಹಾಲಿನವನಿಗೆ?

ಅಧ್ಯಕ್ಷರು ದನಿ ತಗ್ಗಿಸಿದರು. “ನೋಡಿ, ಬರೋರಿಗೆ ಉಪ್ಪಿನ ಬೀದೀಲಿ ಉಪ್ಪಿನೋರು ಸಿಗಲೇಬೇಕು. ಸಿಗದಿದ್ರೆ ಊರಿಗೆ ಊರನ್ನೇ ಜಾಲಾಡ್ತಾರೆ. ಇದು ನಮ್ಮಪ್ಪ ಸಾಯೋವಾಗ ನನಗೆ ಹೇಳಿದ್ದು. ಇವರಿಗೂ ಮೋಸ ಏನಿಲ್ಲ ಮೇಡಂ, ಒಂದು ರಾತ್ರಿಯಾದ್ರೂ ಮನೇಲಿ ಮಲಗ್ತಾರೆ, ದೇವರ ಹೆಸರು ಬಾಯಿಗೆ ಬರುತ್ತೆ. ಆ ಪುಣ್ಯ ಡೇರೇಲಿ ಸಿಗುತ್ತಾ?”

“ಥೂ!” ಎಂದೆ. ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ಮಕ್ಕಳ ಮೇಲೂ ನಾನು ಈ ಮಾತು ಆಡಿದವಳಲ್ಲ. ಪ್ರಭಂಜನ ತಾತನ ಹತ್ತಿರ ಹೋಗಲಿಲ್ಲ, ನನ್ನ ಹಿಂದೆಯೇ ನಿಂತ. ಮೈಸೂರುಪಾಕಿನ ತಟ್ಟೆ ಹಿಡಿದಿದ್ದ ಹುಡುಗಿಯೊಬ್ಬಳು ನಮ್ಮ ಮೂವರ ಮುಖವನ್ನೂ ನೋಡಿ ತಟ್ಟೆ ಕೆಳಗಿಟ್ಟಳು.

ಅಷ್ಟರಲ್ಲಿ ಅಧ್ಯಕ್ಷರ ಮನೆಯ ಬಾಗಿಲಲ್ಲಿ ಗಲಾಟೆ ಎದ್ದಿತ್ತು. ಸಿಂಗಾರಿ ಒಳಗೆ ಹೋಗಿ ಅಪ್ಪನ ತೋಳು ಹಿಡಿದು ಎಳೆಯುತ್ತಿದ್ದಳು. ಅವಳಪ್ಪ ಗಾದೆಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ, ಏಳಲು ಒಪ್ಪುತ್ತಿರಲಿಲ್ಲ. “ಏನೋ ಹುಡುಗ್ರು ಇಸ್ಕೂಲಲ್ಲಿ ಮಾತಾಡ್ಕೊಂಡ್ರೆ ಕೈಗೆ ಬಂದ ಮನೆ ಬಿಡಬೇಕಾ? ಗೋಡೆ ನೋಡು ಎಷ್ಟು ತಣ್ಣಗೈತೆ. ಜೀವಮಾನದಾಗೆ ಒಂದು ಸಲ ಗೋಡೆಗೆ ಒರಗಿ ಕುಂತೀನಿ, ಎಬ್ಬಿಸ್ತೀಯಲ್ಲೇ!” ಎಂದು ರೇಗುತ್ತಿದ್ದ. ನಾನು ಹೋಗಿ, ಗಾದೆಪ್ಪ, ಅವಳು ಹೇಳುವುದು ನಿಜ, ಬೆಳಗ್ಗೆ ನಿಮ್ಮನ್ನು ಉಳಿಸುವುದಿಲ್ಲ ಎಂದೆ. “ಮೊನ್ನೆ ನೀವೇ ಬಂದು ಹೋಗ್ರಿ ಹೋಗ್ರಿ ಅಂದ್ರಿ. ಇವತ್ತು ಬ್ಯಾಡ ಅಂತೀರಿ. ಯಾವುದನ್ನ ನಂಬಬೇಕು ನಾವು?” ಎಂದ. ಅವನ ಹಿಂದೆ ಡೇರೆಯ ಗಂಡಸರು ಸೇರಿದ್ದರು. ಒಬ್ಬರ ಕಣ್ಣಲ್ಲೂ ನನ್ನ ಮೇಲೆ ವಿಶ್ವಾಸವಿರಲಿಲ್ಲ. ಹೊರಗೆ ಅಧ್ಯಕ್ಷರು, ಮೇಡಂಗೆ ಮೈ ಸರಿ ಇಲ್ಲ, ಬಿಸಿಲಲ್ಲಿ ಓಡಿಬಂದು ತಲೆ ತಿರುಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು.

ಹುಲಿಗೆವ್ವ ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ಇನ್ನೂ ಕಾಲಿಟ್ಟಿರಲಿಲ್ಲ, ಹಾಲು ಉಕ್ಕಿದ ಮೇಲೆ ಬರುತ್ತೇನೆ ಎಂದಿದ್ದಳಂತೆ. ಈ ಗಲಾಟೆಗೆಲ್ಲ ಅವಳು ತಲೆ ಎತ್ತಿರಲಿಲ್ಲ. ಸಿಂಗಾರಿ ಅಪ್ಪನನ್ನು ಬಿಟ್ಟು ಬಂದು ಅಜ್ಜಿಯ ಎದುರು ಮಂಡಿಯೂರಿ ಕೂತು, ಅವಳ ಎರಡೂ ಕೈ ಹಿಡಿದುಕೊಂಡು, ತರಗತಿಯಲ್ಲಿ ಆದದ್ದನ್ನೆಲ್ಲ ಹೇಳಿದಳು. ಅಳದೆ ಹೇಳಿದಳು, ಒಂದನ್ನೂ ಬಿಡದೆ ಹೇಳಿದಳು. ನನಗೆ ಆ ಧೈರ್ಯವಿರಲಿಲ್ಲ.

ಅಜ್ಜಿ ಕೇಳಿಸಿಕೊಂಡಳು. ಆಮೇಲೆ ನನ್ನನ್ನೇ ಕೇಳಿದಳು, “ದಂಡಿನೋರು ಬಂದಿದ್ದು ಬೆಳಗ್ಗೆನಾ?”

“ಹೌದಜ್ಜಿ.”

“ಬಿಸಿಲು ಬರೋಕೆ ಮುಂಚೆ?”

“ಹೌದು.”

“ಉಪ್ಪಿನೋರು ಆ ಹೊತ್ನಾಗೆ ಮಾತಾಡಾಕಿಲ್ಲ.” ಅದು ಪ್ರಶ್ನೆಯಾಗಿರಲಿಲ್ಲ. “ನಮ್ಮಕ್ಕ ಶಾನೆ ಮಾತುಗಾತಿ” ಎಂದಳು.

ಒಳಗೆ ಹಾಲು ಉಕ್ಕಿತು. ಹೆಂಗಸರು ಹೋ ಎಂದು ಕೂಗಿದರು. ಆ ಕೂಗು ಮುಗಿಯುವುದರೊಳಗೆ ಹುಲಿಗೆವ್ವ ಎದ್ದು ನಿಂತಿದ್ದಳು. ಆ ಮುದುಕಿಯ ಗಂಟಲಲ್ಲಿ ಅಷ್ಟು ದನಿ ಎಲ್ಲಿತ್ತೋ, “ಗಾದ್ಯಾ!” ಎಂದಳು. “ಎದ್ದೇಳು ಮ್ಯಾಲೆ. ಒಲೆ ಆರಿಸ್ರಿ. ಕತ್ತೆ ಬಿಚ್ರಿ.” ಗಾದೆಪ್ಪ ಏನೋ ಹೇಳಲು ಬಾಯಿ ತೆರೆದ. “ನಿಮ್ಮ ದೊಡ್ಡವ್ವ ಈ ಬೀದೀಲೇ ಬಿದ್ದೌಳೆ ಕಣೋ. ಅವಳ ಮ್ಯಾಲೆ ಚಾಪೆ ಹಾಸ್ಕೊಂಡು ಮಲಗ್ತೀಯಾ?” ಎಂದಳು. ಅವನು ಎದ್ದ. ಗೋಡೆಯನ್ನು ಒಂದು ಸಲ ಅಂಗೈಯಿಂದ ಸವರಿ ಹೊರಗೆ ಬಂದ. ಒಂದೊಂದೇ ಮನೆಯಿಂದ ಜನ ಹೊರಬಿದ್ದರು. ಯಾರೂ ಕೂಗಾಡಲಿಲ್ಲ, ಯಾರೂ ಶಾಪ ಹಾಕಲಿಲ್ಲ. ಹೊಸ ಪೊರಕೆ, ಹಾಲಿನ ಪಾತ್ರೆ, ಕೀಲಿಕೈ ಎಲ್ಲವನ್ನೂ ಅಲ್ಲಲ್ಲೇ ಬಿಟ್ಟು ತಮ್ಮ ಚಾಪೆಗಳನ್ನು ಮಾತ್ರ ಸುತ್ತಿಕೊಂಡರು.

ಅಧ್ಯಕ್ಷರು ಆಗ ಬೆಚ್ಚಿದರು. ಕುರ್ಚಿ ಹಿಂದಕ್ಕೆ ಬಿತ್ತು. “ನಿಲ್ರೋ, ನಿಲ್ರೋ! ಹಿಂಗೆ ಹೋದ್ರೆ ಹೆಂಗೆ? ನಾಳೆ ಈ ಮನೆಗಳಲ್ಲಿ ಯಾರಿರ್ತಾರೆ?” ಎಂದು ಬೀದಿಯ ತುಂಬ ಓಡಾಡಿದರು. ಎಣ್ಣೆ ಬೀದಿಯ ಮೂಲೆಯಲ್ಲಿ ಜನ ಸೇರಿದ್ದರು. ಮೊನ್ನೆ ಮೊನ್ನೆ ಈ ಮನೆಗಳನ್ನು ಬಿಟ್ಟು ಹೋದವರು ಅವರು. ಬಹುಪಾಲು ನನ್ನ ಹಳೆಯ ವಿದ್ಯಾರ್ಥಿಗಳು. ನನ್ನ ಕಣ್ಣಿಗೆ ಕಣ್ಣು ಕೊಟ್ಟವರು ಒಬ್ಬರೂ ಇರಲಿಲ್ಲ. ಪ್ರಭಂಜನ ತನ್ನ ಮನೆಯ ತೋರಣವನ್ನು ಹಿಡಿದೆಳೆದು ಕಿತ್ತುಹಾಕಿ ಬಾಗಿಲಿಗೆ ಅಡ್ಡ ಕೂತ. ತಾತ ಕರೆದರೂ ಏಳಲಿಲ್ಲ, ಅವರಮ್ಮ ಮೂಲೆಯಿಂದ ಓಡಿಬಂದು ಅಳುತ್ತಾ ಎಳೆದರೂ ಏಳಲಿಲ್ಲ. ಇದು ನಮ್ಮನೆ, ನಾನು ಇಲ್ಲೇ ಮಲಗೋದು ಎಂದಷ್ಟೇ ಹೇಳುತ್ತಿದ್ದ.

ಕತ್ತೆಗಳ ಮೇಲೆ ಸಾಮಾನು ಹೇರಿ ಮುಗಿದಿತ್ತು. ಸಿಂಗಾರಿ ಅಜ್ಜಿಗಾಗಿ ಕಾಯುತ್ತಿದ್ದಳು. ಹುಲಿಗೆವ್ವ ಮಾತ್ರ ಬೀದಿಯ ನಡುವೆ ನಿಂತು, ಆ ಕಡೆಯ ಬಾಗಿಲು ಈ ಕಡೆಯ ಬಾಗಿಲು ನೋಡುತ್ತಿದ್ದಳು. ಯಾವ ಮನೆ ಎಂದು ಅವಳಿಗೆ ಗೊತ್ತಿರಲಿಲ್ಲ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಬಿದ್ದಿದ್ದ ಮೈಸೂರುಪಾಕಿನ ಒಂದು ತುಂಡು ಎತ್ತಿ, ಧೂಳು ಊದಿ, ಒಂದು ಮಾವಿನೆಲೆಯ ಮೇಲೆ ಇಟ್ಟಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಾನು ಹೋಗಿ ಅವಳ ಪಕ್ಕ ಕೂತೆ.

“ಅವಳು ಬರ್ತೀನಿ ಅಂದಿದ್ಲು” ಎಂದಳು. “ಬರ್ಲಿಲ್ಲ ಅಂತ ಬೈದೆ ಕಣವ್ವ. ಒಂದು ದಿನ ಬಿಡದಂಗೆ ಬೈದೀನಿ. ಹಾದರಗಿತ್ತಿ ಅಂದೀನಿ, ನಿನ್ನ ವಂಶ ಹಾಳಾಗ ಅಂದೀನಿ. ಸತ್ತೋರಿಗೆ ಕೇಳಿಸ್ತದೇನವ್ವ? ನೀನು ಓದಿದೋಳು, ಹೇಳು. ಅವಳಿಗೆ ಕೇಳಿಸಿರ್ತದಾ?”

“ಇಲ್ಲಜ್ಜಿ” ಎಂದೆ. “ಕೇಳ್ಸಿರಲ್ಲ.”

ಅವಳು ತಿರುಗಿ ನನ್ನ ಮುಖ ನೋಡಿದಳು. ಕಲ್ಲುಗಣಿಯಲ್ಲಿ ನೋಡಿದ್ದಷ್ಟೇ ಹೊತ್ತು ನೋಡಿದಳು.

“ನಿನ್ನ ಮಾತು ನಂಬೇ ನಾನು ಈ ಬೀದಿಗೆ ಬಂದಿದ್ದು” ಅಂದಳು. ಮೊಣಕಾಲು ಹಿಡಿದುಕೊಂಡು ಎದ್ದಳು. ನಾನು ಕೈ ಕೊಡಲು ಹೋದೆ, ಹಿಡಿಯಲಿಲ್ಲ.